ಬಟ್ಟೆ ಮುಟ್ಟಿಸುವ ಮುನ್ನ

ಕಾರಿನ ಬಣ್ಣ ಕೆಡುವುದು ಮಳೆ ಬಿಸಿಲಿಗಿಂತ ಹೆಚ್ಚಾಗಿ ಒರೆಸುವ ಕೈಯಿಂದ. ಶಿವಮೊಗ್ಗದ ಯಾವ ಬಡಾವಣೆಗೆ ಬೇಕಾದರೂ ಬೆಳಿಗ್ಗೆ ಹೋಗಿ ನೋಡಿ: ಗೇಟಿನೆದುರು ಒಂದು ಬಕೆಟ್, ಒಂದು ಹಳೆ ಬನಿಯನ್, ಬಾನೆಟ್ ಮೇಲೆ ಗರಗರ ಉಜ್ಜಾಟ. ಅದೇ ಕಾರನ್ನು ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ. ಕಪ್ಪು ಬಣ್ಣದ್ದಾದರಂತೂ ಜೇಡರ ಬಲೆಯಂಥ ಗೀರು ಎದ್ದು ಕಾಣುತ್ತದೆ.

ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಗೆ ಹೋಗಿಬಂದರೆ ಸಾಕು, ಬಾಗಿಲಿನ ಕೆಳಭಾಗಕ್ಕೆ ಕೆಮ್ಮಣ್ಣು ಮೆತ್ತಿರುತ್ತದೆ. ಅದರೊಳಗಿನ ಮರಳಿನ ಕಣ ಬಹುಪಾಲು ಕ್ವಾರ್ಟ್ಜ್. ಮೋಸ್ ಮಾಪನದಲ್ಲಿ ಅದರ ಗಡಸುತನ 7, ಗಾಜನ್ನೂ ಗೀಚಬಲ್ಲದು. ಬಣ್ಣವನ್ನು ಕಾಯುವ ಕ್ಲಿಯರ್‌ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಆದ್ದರಿಂದ ಕೈ ತಾಗುವ ಮೊದಲೇ ಈ ಕಣ ಇಳಿದುಹೋಗಬೇಕು. ಪ್ರೀವಾಶ್ ಎಂದರೆ ಇಷ್ಟೇ.

ಕಾರು ನೆರಳಲ್ಲಿರಲಿ, ಬಾನೆಟ್ ತಣ್ಣಗಾಗಿರಲಿ. ಮೊದಲು ಬರೀ ನೀರು, ಮೇಲಿಂದ ಕೆಳಕ್ಕೆ. ಚಕ್ರದ ಮೇಲಿನ ಗೂಡಿಗೂ ನೀರು ಹಾಯಿಸಿ, ಮಳೆಗಾಲದ ಕೆಸರು ಕಟ್ಟಿಕೊಳ್ಳುವುದು ಅಲ್ಲೇ. ಪ್ರೆಶರ್ ವಾಶರ್ ಇದ್ದರೆ ನೀರು ಬೀಸಣಿಗೆಯಾಗಿ ಹರಡುವ ನಾಝಲ್ ಹಾಕಿ, ಒಂದು ಅಡಿಯಾದರೂ ದೂರ ಹಿಡಿಯಿರಿ. ಸೂಜಿಧಾರೆಯನ್ನು ಕಲ್ಲು ತಾಗಿ ಚಕ್ಕೆ ಎದ್ದ ಜಾಗಕ್ಕೆ ಬಿಟ್ಟರೆ ಬಣ್ಣವೇ ಕಿತ್ತು ಬರುತ್ತದೆ.

ಆಮೇಲೆ ನೊರೆ. ಇಲ್ಲೇ ಹೆಚ್ಚಿನವರು ಎಡವುವುದು. ಈಗ ಊರ ತುಂಬ ‘ಫೋಮ್ ವಾಶ್’ ಬೋರ್ಡು. ನೊರೆ ಹೊಡೆದು ಅರೆ ನಿಮಿಷವಾಗಿರುವುದಿಲ್ಲ, ಹುಡುಗ ಸ್ಪಂಜು ಹಿಡಿದು ಉಜ್ಜಲು ಶುರು. ಮಣ್ಣು ಇನ್ನೂ ಅಲ್ಲೇ ಇದೆ, ಬಿಳಿ ಮುಸುಕಿನಡಿ ಕಾಣುತ್ತಿಲ್ಲ ಅಷ್ಟೇ. ನೊರೆಗೆ ಐದು ನಿಮಿಷ ಬಿಡಬೇಕು. ಹತ್ತಿರ ನಿಂತು ನೋಡಿದರೆ ಬಾಗಿಲ ಮೇಲಿಂದ ಜಾರುವ ನೊರೆ ಕೆಳಗಿಳಿಯುವಷ್ಟರಲ್ಲಿ ಕಂದು ತಿರುಗಿರುತ್ತದೆ. ಅದು ಕೆಲಸ ಮಾಡಿದ್ದಕ್ಕೆ ಗುರುತು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಮೂರೇ ನಿಮಿಷ ಸಾಕು. ಒಣಗಲು ಮಾತ್ರ ಬಿಡಬಾರದು. ನೊರೆ ತೊಳೆದುಹೋದ ಮೇಲೆ ಮೈಕ್ರೋಫೈಬರ್ ಕೈಗವಸು, ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಾಡಿಸಲು ಬರೀ ನೀರು. ಪಾತ್ರೆ ತೊಳೆಯುವ ಸೋಪು, ಬಟ್ಟೆ ಸೋಪಿನ ಪುಡಿ ಬೇಡ. ಬಣ್ಣದ ಮೇಲಿನ ವ್ಯಾಕ್ಸ್ ಅದರೊಂದಿಗೇ ಹೋಗುತ್ತದೆ.

ಯಂತ್ರವಿಲ್ಲದವರಿಗೆ ಕೈಪಂಪಿನ ಸ್ಪ್ರೇಯರ್ ಸಾಕು. ಆದರೆ ಅಡಿಕೆಗೆ ಔಷಧಿ ಹೊಡೆದ ಪಂಪನ್ನು ತರಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ. ಪಂಪಿನ ತಳದಲ್ಲಿ ಉಳಿದದ್ದು ಕಾರಿನ ಮೇಲೆ ಒಣಗಿ ಕಲೆಯಾಗುತ್ತದೆ.

ಪ್ರೀವಾಶ್‌ಗೆ ಬಗ್ಗದ್ದೂ ಒಂದಿದೆ: ಕಬ್ಬಿಣದ ಧೂಳು. 1923ರಿಂದ ಕಬ್ಬಿಣ ಕಾಯಿಸಿದ ಭದ್ರಾವತಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಎಲ್ಲ ಕಾರುಗಳ ಬ್ರೇಕಿನಿಂದಲೂ ಅದು ಉದುರುತ್ತದೆ. ಬಿಳಿ ಕಾರಿನ ಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕಿ ಕಂಡರೆ ಉಗುರಿನಿಂದ ಕೆರೆಯಬೇಡಿ. ಅದಕ್ಕೆಂದೇ ಐರನ್ ರಿಮೂವರ್ ಸಿಗುತ್ತದೆ. ಹಚ್ಚಿದ ಕಡೆ ನೇರಳೆ ಬಣ್ಣ ಇಳಿಯುತ್ತದೆ, ಒಣಗುವ ಮುಂಚೆ ತೊಳೆದುಬಿಡಿ.

ತುಂಗೆಗೋ ಭದ್ರೆಗೋ ಕಾರು ಇಳಿಸಿ ತೊಳೆಯುವುದು ಖಂಡಿತ ಬೇಡ. ಎಣ್ಣೆ, ಸೋಪು ಎಲ್ಲ ಕೆಳಗಿನ ಊರವರು ಬಳಸುವ ನೀರಿಗೇ ಸೇರುತ್ತದೆ. ಹೊರಗೆ ತೊಳೆಸುವವರು ಕೀಲಿ ಕೊಡುವಾಗಲೇ ಹುಡುಗನಿಗೆ ಹೇಳಿ: ‘ನೊರೆ ತೊಳೆದು ಹೋಗೋವರೆಗೂ ಬಟ್ಟೆ ಮುಟ್ಟಿಸ್ಬೇಡಪ್ಪ, ಚಕ್ರ ಒರೆಸಿದ ಬಟ್ಟೆ ಬಾನೆಟ್ಟಿಗೆ ತರಬೇಡ.’