ಪೈನ್‌ಹರ್ಸ್ಟ್ ನಂಬರ್ 2: ತೆಗೆದುಹಾಕಿ ಗೆದ್ದ ನವೀಕರಣ

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಪೈನ್‌ಹರ್ಸ್ಟ್ ರಿಸಾರ್ಟ್ ತನ್ನ ಗಾಲ್ಫ್ ಕೋರ್ಸ್‌ಗಳನ್ನು ಬಹುಪಾಲು ಸಂಖ್ಯೆಯಿಂದಲೇ ಗುರುತಿಸುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ನಂಬರ್ 2. 1907ರಲ್ಲಿ ಆಟಕ್ಕೆ ತೆರೆದ ಈ ಹದಿನೆಂಟು ಹೋಲ್‌ಗಳ ಕೋರ್ಸನ್ನು ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಎಂಬ ವಿನ್ಯಾಸಕರ ಜೋಡಿ 2010–11ರಲ್ಲಿ ನವೀಕರಿಸಿತು. ರಿಸಾರ್ಟ್ ಕೋರ್ಸ್‌ಗಳ ನವೀಕರಣವೆಂದರೆ ಸಾಮಾನ್ಯವಾಗಿ ಹೊಸದೊಂದು ಕೊಳ, ಇನ್ನೂ ನಾಲ್ಕು ಬಂಕರ್, ಕಣ್ಣು ತುಂಬುವಷ್ಟು ಹಸಿರು. ಇಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ. ಸುಮಾರು 35 ಎಕರೆಯಷ್ಟು ಹುಲ್ಲನ್ನು ಕಿತ್ತುಹಾಕಿ, ಅದರಡಿ ಹೂತುಹೋಗಿದ್ದ ಮರಳನ್ನು ಮತ್ತೆ ಬಯಲಿಗೆ ತಂದರು. ಈಚಿನ ದಶಕಗಳಲ್ಲಿ ಯಾವುದೇ ರಿಸಾರ್ಟ್ ಕೋರ್ಸಿಗೆ ಆದ ಅತ್ಯುತ್ತಮ ದುರಸ್ತಿಗಳಲ್ಲಿ ಇದೂ ಒಂದು. ಆದರೆ ರಜೆಗೆಂದು ಬಂದು ಒಂದು ಸುತ್ತು ಆಡಿ ಹೋಗುವವರಿಗೆ ಅದರ ಫಲ ಅರ್ಧದಷ್ಟೇ ದಕ್ಕುತ್ತದೆ.

ಈ ಸೀಮೆಯ ಹೆಸರೇ ಸ್ಯಾಂಡ್‌ಹಿಲ್ಸ್, ಮರಳುಗುಡ್ಡಗಳ ನಾಡು. ಒಂದಾನೊಂದು ಕಾಲದ ಕಡಲತೀರ ಉಳಿಸಿಹೋದ ಮರಳು, ಅದರ ಮೇಲೆ ಉದ್ದೆಲೆಯ ಪೈನ್ ಮರಗಳು, ಅವುಗಳ ಬುಡದಲ್ಲಿ ವೈರ್‌ಗ್ರಾಸ್ ಎಂಬ ಒರಟು ಹುಲ್ಲಿನ ಪೊದೆಗಳು. ಮರ ಕಡಿದು ಬೋಳಾಗಿದ್ದ ಈ ನೆಲವನ್ನು 1895ರಲ್ಲಿ ಬಾಸ್ಟನ್ನಿನ ಸೋಡಾ ಯಂತ್ರಗಳ ಉದ್ಯಮಿ ಜೇಮ್ಸ್ ವಾಕರ್ ಟಫ್ಟ್ಸ್ ಎಕರೆಗೆ ಒಂದು ಡಾಲರಿನ ಆಸುಪಾಸಿನ ಬೆಲೆಗೆ ಕೊಂಡು, ಚಳಿಗಾಲ ಕಳೆಯಲು ಬರುವವರಿಗಾಗಿ ಊರೊಂದನ್ನು ಕಟ್ಟಿದ. ಸ್ಕಾಟ್ಲೆಂಡಿನ ಡಾರ್ನಕ್ ಊರಿನವನಾದ, ನಂಬರ್ 2ರ ವಿನ್ಯಾಸಕ ಡೊನಾಲ್ಡ್ ರಾಸ್ 1900ರಲ್ಲಿ ಇಲ್ಲಿಗೆ ಬಂದು ನೆಲೆಸಿದ. ಮುಂದೆ ಅಮೆರಿಕದ ಉದ್ದಗಲಕ್ಕೂ ನಾನೂರರಷ್ಟು ಕೋರ್ಸ್‌ಗಳಿಗೆ ಅವನ ಕೈ ತಾಗಿತಾದರೂ 1948ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದದ್ದು ನಂಬರ್ 2 ಒಂದನ್ನೇ. ಅವನ ಮನೆಯೂ ಮೂರನೆಯ ಹೋಲ್‌ನ ಪಕ್ಕದಲ್ಲೇ ಇತ್ತು. 1930ರ ದಶಕದ ನಡುಭಾಗದವರೆಗೆ ಇಲ್ಲಿನ ಗ್ರೀನ್‌ಗಳು ಹುಲ್ಲಿನವಾಗಿರಲಿಲ್ಲ. ಭಾರತದ ಒಣ ಸೀಮೆಯ ಹಳೆಯ ಮೈದಾನಗಳ ‘ಬ್ರೌನ್’ಗಳಂತೆ ಗಟ್ಟಿಮಾಡಿದ ಮರಳಿನವು. 1936ರ ಪಿಜಿಎ ಚಾಂಪಿಯನ್‌ಷಿಪ್‌ಗೆ ಮುನ್ನ ಅವುಗಳಿಗೆ ಹುಲ್ಲು ಬಂತು.

1970ರ ಕೊನೆಗೆ ಟಫ್ಟ್ಸ್ ಕುಟುಂಬ ರಿಸಾರ್ಟನ್ನು ಮಾರಿತು. ಆಮೇಲಿನ ದಶಕಗಳಲ್ಲಿ ಕೋರ್ಸಿನ ಮುಖ ಬದಲಾಗುತ್ತ ಹೋಯಿತು. ಟಿವಿಯಲ್ಲಿ ಮಾಸ್ಟರ್ಸ್ ನಡೆಯುವ ಅಗಸ್ಟಾ ಕೋರ್ಸಿನ ಹಸಿರನ್ನು ಕಂಡ ಅತಿಥಿಗಳು ಎಲ್ಲೆಡೆ ಅದನ್ನೇ ಬಯಸಿದರು. ಮರಳಿದ್ದಲ್ಲೆಲ್ಲ ಬರ್ಮುಡಾ ಹುಲ್ಲು ಹಬ್ಬಿತು. ಫೇರ್‌ವೇಗಳು ಕಿರಿದಾಗಿ, ಇಕ್ಕೆಲದಲ್ಲೂ ನೀರುಂಡು ಬೆಳೆದ ದಟ್ಟ ರಫ್ ನಿಂತಿತು. ಪೇನ್ ಸ್ಟೀವರ್ಟ್ ಗೆದ್ದ 1999ರ ಯುಎಸ್ ಓಪನ್ ಮತ್ತು ಮೈಕಲ್ ಕ್ಯಾಂಪ್‌ಬೆಲ್ ಗೆದ್ದ 2005ರದ್ದು ನಡೆದದ್ದು ಈ ರೂಪದಲ್ಲೇ. ದಟ್ಟ ರಫ್‌ಗೆ ಬಿದ್ದ ಚೆಂಡಿಗೆ ಸಿಗುವ ಉತ್ತರ ಒಂದೇ: ವೆಜ್ ಹಿಡಿದು ಹೇಗಾದರೂ ಮತ್ತೆ ಫೇರ್‌ವೇಗೆ ತಳ್ಳುವುದು. ಕೋರ್ಸ್ ಕಠಿಣವಾಗಿತ್ತು, ಆದರೆ ಆಡುವವರ ಬುದ್ಧಿಗೆ ಕೆಲಸ ಕೊಡುತ್ತಿರಲಿಲ್ಲ.

ಕೂರ್ ಇದೇ ರಾಜ್ಯದಲ್ಲಿ ಹುಟ್ಟಿ ಬೆಳೆದು, ಎಳೆಯ ವಯಸ್ಸಿನಲ್ಲೇ ಹಳೆಯ ನಂಬರ್ 2ನಲ್ಲಿ ಆಡಿದ್ದವರು. ಕ್ರೆನ್‌ಶಾ ಎರಡು ಬಾರಿ ಮಾಸ್ಟರ್ಸ್ ಗೆದ್ದ ಆಟಗಾರ, ಗಾಲ್ಫ್ ಇತಿಹಾಸದ ಆಳವಾದ ಓದುಗ. ರಾಸ್ ಏನು ಬಯಸಿದ್ದಿರಬಹುದು ಎಂದು ಊಹಿಸುತ್ತ ಕೂರದೆ ಅವರು ಎರಡು ಗಟ್ಟಿ ಸಾಕ್ಷ್ಯಗಳನ್ನು ಹಿಡಿದು ಹೊರಟರು. ಒಂದು, 1943ರಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರಗಳು. ಇನ್ನೊಂದು, ನೆಲದಡಿಯ ಹಳೆಯ ನೀರಿನ ಕೊಳವೆ. ರಾಸ್‌ನ ಕಾಲದಲ್ಲಿ ಫೇರ್‌ವೇಯ ನಟ್ಟನಡುವೆ ಒಂದೇ ಸಾಲು ಕೊಳವೆ ಹಾಯ್ದಿತ್ತು. ಅದು ಸಿಕ್ಕಿದ್ದೇ ತಡ ಫೇರ್‌ವೇಯ ನಡುಗೆರೆ ಎಲ್ಲಿತ್ತು, ಅದರ ಅಂಚು ಎಲ್ಲಿಯವರೆಗೆ ಚಾಚಿತ್ತು ಎಂಬುದು ತಾನಾಗಿ ತಿಳಿಯಿತು. ನೀರು ಮತ್ತೆ ಆ ನಡುಸಾಲಿನಿಂದಲೇ ಹರಿಯತೊಡಗಿತು; ಸಾವಿರಕ್ಕೂ ಹೆಚ್ಚಿದ್ದ ಸ್ಪ್ರಿಂಕ್ಲರ್‌ಗಳಲ್ಲಿ ಉಳಿದದ್ದು ಸುಮಾರು 450. ನಡುವಿನಲ್ಲಿ ಹಸಿರು, ಅಂಚಿಗೆ ಹೋದಂತೆ ಒಣಗಿ ಕಂದು, ಅದರಾಚೆ ಮರಳು, ವೈರ್‌ಗ್ರಾಸ್, ಉದುರಿದ ಪೈನ್ ಎಲೆ. ಬಣ್ಣದ ಈ ಇಳಿಜಾರಿಗೆ ಯಾರೂ ಗೆರೆ ಎಳೆದಿಲ್ಲ, ನೀರು ತಲುಪುವ ದೂರವೇ ಎಳೆದದ್ದು. ಎರಡು ಲಕ್ಷದಷ್ಟು ವೈರ್‌ಗ್ರಾಸ್ ಸಸಿಗಳನ್ನು ಕೈಯಿಂದ ನೆಟ್ಟರು. ರಫ್ ಎಂಬುದೇ ಇಲ್ಲವಾಯಿತು: ಗ್ರೀನ್‌ಗೆ ಒಂದು ಎತ್ತರದ ಹುಲ್ಲು, ಉಳಿದೆಲ್ಲದಕ್ಕೂ ಇನ್ನೊಂದು.

ಸುತ್ತು ಶುರುವಾಗುವುದು ಸೌಮ್ಯವಾಗಿಯೇ. ಮೊದಲ ಹೋಲ್ ಅಷ್ಟೇನೂ ಉದ್ದವಿಲ್ಲದ ಪಾರ್ 4, ಎದುರಿಗೆ ಧಾರಾಳ ಅಗಲದ ಫೇರ್‌ವೇ. ಅಷ್ಟು ಜಾಗವಿದ್ದರೆ ಎಲ್ಲಿ ಹೊಡೆದರೇನು ಎಂದು ಹೊಸಬರಿಗೆ ಅನಿಸುತ್ತದೆ. ಹಾಗಲ್ಲವೆಂಬುದು ಎರಡನೆಯ ಹೋಲ್ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ. ಫೇರ್‌ವೇಯ ಒಂದು ಮಗ್ಗುಲಿನಿಂದ ಗ್ರೀನ್ ತನ್ನ ಉದ್ದವನ್ನು ಚೆಂಡಿಗೆ ತೆರೆದುಕೊಡುತ್ತದೆ. ಇನ್ನೊಂದು ಮಗ್ಗುಲಿನಿಂದ ಹೊಡೆದರೆ ಅದೇ ಗ್ರೀನ್ ಓರೆಯಾಗಿ ನಿಂತು ಚೆಂಡನ್ನು ಹೊರಕ್ಕೆ ಜಾರಿಸುತ್ತದೆ. ಅಗಲವಿರುವುದು ತಪ್ಪನ್ನು ಮನ್ನಿಸಲಿಕ್ಕಲ್ಲ, ಆಯ್ಕೆಯನ್ನು ಕೊಡಲಿಕ್ಕೆ. ನವೀಕರಣದ ದೊಡ್ಡ ಗೆಲುವು ಇದು. ರಫ್ ಒತ್ತಿ ನಿಂತಿದ್ದಾಗ ಫೇರ್‌ವೇಗೂ ಗ್ರೀನ್‌ಗೂ ಇದ್ದ ಈ ನಂಟು ಕಡಿದುಹೋಗಿತ್ತು, ಎಲ್ಲರೂ ಒಂದೇ ಓಣಿಯಲ್ಲಿ ಸಾಗುತ್ತಿದ್ದರು.

ಫೇರ್‌ವೇ ತಪ್ಪಿದಾಗಿನ ಅನುಭವವೂ ಪೂರ್ತಿ ಬದಲಾಗಿದೆ. ಮರಳಿಗೆ ಬಿದ್ದ ಚೆಂಡಿನತ್ತ ನಡೆದು ಹೋಗುವಾಗ ಅಲ್ಲಿ ಏನು ಕಾದಿದೆಯೆಂದು ಹೇಳಲಾಗದು. ಗಟ್ಟಿ ಮರಳಿನ ಮೇಲೆ ಚೆಂಡು ತಿಳಿಯಾಗಿ ಕೂತಿದ್ದರೆ ಐರನ್ ಹಿಡಿದು ನೇರ ಗ್ರೀನ್‌ಗೇ ಗುರಿಯಿಡಬಹುದು. ಗೇಣುದೂರದಲ್ಲಿ ವೈರ್‌ಗ್ರಾಸ್ ಪೊದೆಯೊಂದು ಹಿಂದುಗಡೆ ನಿಂತಿದ್ದರೆ ಬೀಸುವ ಕ್ಲಬ್ಬಿಗೇ ಅದು ಅಡ್ಡ. ಚೆಂಡು ಪೊದೆಯೊಳಕ್ಕೇ ಹೊಕ್ಕಿದ್ದರೆ ದಂಡ ತೆತ್ತು ಬೇರೆಡೆ ಇಡುವುದೇ ಲೇಸು. 2014ರ ಯುಎಸ್ ವಿಮೆನ್ಸ್ ಓಪನ್‌ನ ಕೊನೆಯ ದಿನ ಮುನ್ನಡೆಯಲ್ಲಿದ್ದ ಮಿಶೆಲ್ ವೀ ಹದಿನಾರನೆಯ ಹೋಲ್‌ನಲ್ಲಿ ಇದಕ್ಕೇ ಸಿಕ್ಕಿಬಿದ್ದಳು. ವೈರ್‌ಗ್ರಾಸ್‌ನಲ್ಲಿ ಮರೆಯಾದ ಚೆಂಡನ್ನು ಸುತ್ತಲಿನವರೆಲ್ಲ ಸೇರಿ ಹುಡುಕಬೇಕಾಯಿತು. ಸಿಕ್ಕರೂ ಹೊಡೆಯುವ ಹಾಗಿರಲಿಲ್ಲ. ಡಬಲ್ ಬೋಗಿಯಾಯಿತು, ಮುನ್ನಡೆ ಕುಗ್ಗಿತು. ಮುಂದಿನ ಹೋಲ್‌ನಲ್ಲೇ ದೂರದ ಪಟ್ ಒಂದನ್ನು ಇಳಿಸಿ ಅವಳು ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಳು. ಅದೃಷ್ಟದ ಪಾಲು ಇಷ್ಟಿರಬಾರದೆಂಬ ಆಕ್ಷೇಪಕ್ಕೆ ಸ್ವಲ್ಪ ಹುರುಳಿದೆ. ಆದರೂ ಎಲ್ಲರನ್ನೂ ಒಂದೇ ಬಗೆಯಾಗಿ ಶಿಕ್ಷಿಸುವ ರಫ್‌ಗಿಂತ, ನೋಡಿ ನಿರ್ಧರಿಸುವಂತೆ ಮಾಡುವ ಮರಳು ಆಟಕ್ಕೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಬಂಕರ್ ಮತ್ತು ಬರಿಯ ಮರಳಿನ ನಡುವೆ ಎಷ್ಟೋ ಕಡೆ ಗೆರೆ ಕಾಣಿಸುವುದಿಲ್ಲ. ಕಣ್ಣಿಗೆ ಇದು ಸೊಗಸು, ನಿಯಮಕ್ಕೆ ತೊಡಕು. ಬಂಕರಿನಲ್ಲಿ ಹೊಡೆತಕ್ಕೆ ಮುನ್ನ ಚೆಂಡಿನ ಹಿಂದೆ ಕ್ಲಬ್ ಊರುವಂತಿಲ್ಲ, ಬರಿಯ ಮರಳಿನಲ್ಲಿ ಊರಬಹುದು. 2014ರ ಓಪನ್‌ನಲ್ಲಿ ಚೆಂಡು ಬಿದ್ದ ಜಾಗ ಬಂಕರೋ ಅಲ್ಲವೋ ಎಂದು ಆಟಗಾರರಿಗೆ ಹೇಳುವವರು ಜೊತೆಗೇ ನಡೆಯುತ್ತಿದ್ದರು. ಅಂಥ ಆಸರೆ ರಿಸಾರ್ಟ್ ಅತಿಥಿಗೆಲ್ಲಿಯದು?

ಕೋರ್ಸಿನ ಜೀವವಿರುವುದು ಗ್ರೀನ್‌ಗಳಲ್ಲಿ. ಬಹುತೇಕ ಗ್ರೀನ್‌ಗಳು ಕವುಚಿಟ್ಟ ತಟ್ಟೆಯಂತೆ ನಡುವೆ ಉಬ್ಬಿ ಅಂಚಿಗೆ ಇಳಿಯುತ್ತವೆ. ಅಳತೆಯಲ್ಲಿ ಅವು ಸಣ್ಣವಲ್ಲ. ಚೆಂಡು ನಿಲ್ಲಬಲ್ಲ ಜಾಗ ಮಾತ್ರ ಅದರಲ್ಲಿ ಒಂದು ಪಾಲಷ್ಟೆ. ಈ ಉಬ್ಬು ಪೂರ್ತಿ ರಾಸ್‌ನದೇ, ಅಥವಾ ದಶಕಗಳ ಕಾಲ ಮೇಲೆ ಮರಳು ಹರಡುತ್ತ ಹೋದದ್ದರಿಂದ ಬೆಳೆದದ್ದೇ ಎಂಬ ವಾದ ಹಳೆಯದು. ಎರಡನೆಯದಕ್ಕೂ ಬಲವಿದೆ. ಕೂರ್ ಮತ್ತು ಕ್ರೆನ್‌ಶಾ ಹದಿನೈದು, ಹದಿನೇಳನೆಯ ಗ್ರೀನ್‌ಗಳನ್ನು ಅಲ್ಪಸ್ವಲ್ಪ ತಿದ್ದಿ ಉಳಿದವನ್ನು ಇದ್ದಂತೆಯೇ ಬಿಟ್ಟರು. ಐದನೆಯ ಹೋಲ್‌ನಲ್ಲಿ ಈ ಉಬ್ಬಿನ ಬಿಸಿ ಮುಟ್ಟುತ್ತದೆ. ಫೇರ್‌ವೇ ಎಡಕ್ಕೆ ವಾಲುತ್ತದೆ, ಗ್ರೀನ್‌ನ ಎಡ ಅಂಚೂ ಅತ್ತಲೇ ಇಳಿಯುತ್ತದೆ. ಒಳ್ಳೆಯದೆಂದೇ ಕಂಡ ಹೊಡೆತ ಗ್ರೀನ್‌ಗೆ ತಾಗಿ, ಒಂದು ಗಳಿಗೆ ಅನುಮಾನಿಸಿ, ನಿಧಾನಕ್ಕೆ ಜಾರುತ್ತ ಕೆಳಗಿನ ಹಳ್ಳಕ್ಕೆ ಸೇರುತ್ತದೆ. ಅಲ್ಲಿಂದ ವೆಜ್‌ನಲ್ಲಿ ಮೇಲಕ್ಕೆ ಎತ್ತಬಹುದು, ಐರನ್‌ನಲ್ಲಿ ದಿಣ್ಣೆಗೆ ಬಡಿಸಿ ಏರಿಸಬಹುದು, ಪಟರ್ ಹಿಡಿದು ಉರುಳಿಸಲೂಬಹುದು. ಸುತ್ತಲಿನ ಹುಲ್ಲು ಮೋಟಾಗಿರುವುದರಿಂದ ಮೂರೂ ದಾರಿ ತೆರೆದಿವೆ. ತುಸು ಬಲ ಕಡಿಮೆಯಾದರೆ ಚೆಂಡು ಕಾಲ ಬಳಿಗೇ ಮರಳುತ್ತದೆ, ಹೆಚ್ಚಾದರೆ ಆಚೆ ಬದಿಗೆ ಇಳಿಯುತ್ತದೆ. 2014ರ ಪುರುಷರ ಯುಎಸ್ ಓಪನ್‌ನಲ್ಲಿ ಮಾರ್ಟಿನ್ ಕೈಮರ್ ಇಂಥ ಕಡೆಗಳಲ್ಲೆಲ್ಲ ಪಟರನ್ನೇ ನಂಬಿ ಒಂಬತ್ತು ಅಂಡರ್ ಪಾರ್‌ಗೆ ಮುಗಿಸಿ, ಎಂಟು ಹೊಡೆತಗಳ ಅಂತರದಲ್ಲಿ ಗೆದ್ದ. ಅವನನ್ನು ಬಿಟ್ಟರೆ ಪಾರ್‌ಗಿಂತ ಕೆಳಗೆ ಉಳಿದವರು ಇಬ್ಬರೇ.

ಸಾಮಾನ್ಯ ಆಟಗಾರರಿಗೆ ನವೀಕರಣ ಕೈಕೊಡುವುದೂ ಇಲ್ಲೇ. ಟೀಯಿಂದ ಗ್ರೀನ್‌ವರೆಗೆ ಕೋರ್ಸ್ ಅವರ ಪಾಲಿಗೆ ಹಿಂದಿಗಿಂತ ಉದಾರವಾಗಿದೆ. ರಫ್‌ನಲ್ಲಿ ಚೆಂಡು ಹುಡುಕುವ ಕಾಟ ತಪ್ಪಿದೆ. ಆದರೆ ಗ್ರೀನ್‌ಗಳು ಪರಿಣತರ ಐರನ್ ಹೊಡೆತವನ್ನೇ ತಿರಸ್ಕರಿಸುವಾಗ, ಉದ್ದದ ಕ್ಲಬ್ಬಿನಿಂದ ತಗ್ಗಾಗಿ ಬರುವ ಅತಿಥಿಯ ಚೆಂಡಿಗೆ ಅಲ್ಲಿ ನಿಲ್ಲುವ ಆಸೆಯೇ ಕಡಿಮೆ. 2014ರ ಓಪನ್‌ಗಳು ಮುಗಿದ ಮೇಲೆ ಬೆಂಟ್ ಹುಲ್ಲಿನ ಬದಲು ಸೆಕೆ ತಾಳುವ ಬರ್ಮುಡಾ ತಳಿಯನ್ನು ಗ್ರೀನ್‌ಗಳಿಗೆ ಹಾಕಿದರು. ಈ ಊರಿನ ಬೇಸಗೆಗೆ ಅದು ಸರಿಯಾದ ನಿರ್ಧಾರವೇ, ಆದರೆ ಮೇಲ್ಮೈ ಇನ್ನಷ್ಟು ಗಟ್ಟಿಯಾಯಿತು. ರಾಸ್‌ನ ಕಾಲದಲ್ಲಿ ಗ್ರೀನ್‌ಗಳ ಮೇಲೆ ಚೆಂಡು ಈ ವೇಗದಲ್ಲಿ ಓಡುತ್ತಿರಲಿಲ್ಲ. ಫೇರ್‌ವೇಗಳನ್ನು 1940ರ ದಶಕಕ್ಕೆ ಒಯ್ದು ಗ್ರೀನ್‌ಗಳ ವೇಗವನ್ನು ಇಂದಿನ ಕಾಲದಲ್ಲೇ ಉಳಿಸಿಕೊಂಡದ್ದು ಈ ಕೆಲಸದ ಒಳಗಿನ ವಿರೋಧ. ಚಾಂಪಿಯನ್‌ಷಿಪ್ ಇಲ್ಲದ ದಿನಗಳಲ್ಲಾದರೂ ವೇಗವನ್ನು ಒಂದಿಷ್ಟು ಇಳಿಸಿದರೆ ಉಬ್ಬುಗಳ ಸೂಕ್ಷ್ಮ ಎಲ್ಲರಿಗೂ ಆಡಿ ತಿಳಿಯುವಂತಾಗುತ್ತದೆ.

ಟೀ ಆರಿಸುವಾಗ ಗ್ರೀನ್‌ಗಳ ಈ ಕಠಿಣತೆ ನೆನಪಿರಬೇಕು. ಓಪನ್‌ಗೆ ಕೋರ್ಸ್ 7,500 ಗಜ ದಾಟುತ್ತದೆ. ಅತಿಥಿಗಳಿಗೆ 6,300 ಗಜದ ಆಸುಪಾಸಿನ ಟೀಗಳೇ ಸಾಕು, ಇನ್ನೂ ಮುಂದಿನವಾದರೆ ಇನ್ನೂ ಒಳ್ಳೆಯದು. ಎರಡನೆಯ ಹೊಡೆತಕ್ಕೆ ಗಿಡ್ಡ ಐರನ್ ಕೈಗೆ ಬಂದರೆ ಮಾತ್ರ ಗ್ರೀನ್ ಜೊತೆ ಮಾತುಕತೆ ಸಾಧ್ಯ. ಕ್ಯಾಡಿಯನ್ನು ಇಟ್ಟುಕೊಳ್ಳುವುದು ಇಲ್ಲಿ ಐಷಾರಾಮವಲ್ಲ. ಯಾವ ಮಗ್ಗುಲು ಸರಿ, ಯಾವ ಕಡೆ ತಪ್ಪಿದರೆ ಪರವಾಗಿಲ್ಲ ಎಂಬುದನ್ನು ಟೀಯಲ್ಲಿ ನಿಂತು ಓದಲಾಗದು. ಮೊದಲ ಸಲ ಬಂದವರಿಗೆ ಅದನ್ನು ಹೇಳಬಲ್ಲವರು ಅವರೊಬ್ಬರೇ. ಅವರಿಗೆ ಕೊಡುವುದೂ ಸೇರಿದರೆ, ಮೊದಲೇ ದುಬಾರಿಯಾದ ಸುತ್ತು ಇನ್ನಷ್ಟು ದುಬಾರಿಯಾಗುತ್ತದೆ ಎಂಬುದು ನಿಜ.

ಹದಿನಾರರ ಟೀ ಮುಂದಿನ ಕೊಳವೊಂದನ್ನು ಬಿಟ್ಟರೆ ಈ ಕೋರ್ಸಿನಲ್ಲಿ ನೀರಿಲ್ಲ, ಅದೂ ಆಟಕ್ಕೆ ಅಷ್ಟಾಗಿ ಅಡ್ಡಬರುವುದಿಲ್ಲ. ಹೀಗೆ ಚೆಂಡು ಕಳೆದುಕೊಳ್ಳದೆಯೇ ನೂರು ಹೊಡೆತ ದಾಟಿಸಿಬಿಡುವ ಕೋರ್ಸ್‌ಗಳು ಅಪರೂಪ. ಹದಿನೆಂಟನೆಯದು ಕ್ಲಬ್‌ಹೌಸ್‌ನತ್ತ ಏರುವ ಪಾರ್ 4. 1999ರಲ್ಲಿ ಸ್ಟೀವರ್ಟ್ ಹದಿನೈದು ಅಡಿಯ ಪಟ್ ಇಳಿಸಿ ಗೆದ್ದ ಗ್ರೀನ್ ಇದು. 2024ರ ಯುಎಸ್ ಓಪನ್‌ನಲ್ಲಿ ಬ್ರೈಸನ್ ಡಿಶ್ಯಾಂಬೊನ ಡ್ರೈವ್ ಇಲ್ಲಿ ಎಡಗಡೆಯ ಮರಳಿಗೆ, ಮರದ ಬೇರಿನ ಬಳಿಗೆ ಹೋಯಿತು. ಹಳೆಯ ರಫ್ ಇದ್ದಿದ್ದರೆ ಪಕ್ಕಕ್ಕೆ ತಳ್ಳಿ ಸುಮ್ಮನಾಗಬೇಕಿತ್ತು. ಮರಳಾದದ್ದರಿಂದ ಕೊಂಬೆಗಳಡಿ ತಗ್ಗಿಸಿ ಮುಂದಕ್ಕೆ ಬಡಿದ. ಚೆಂಡು ಗುಳಿಗೆ 55 ಗಜ ದೂರದ ಬಂಕರ್ ಸೇರಿತು. ಅಲ್ಲಿಂದ ಗುಳಿಯ ಸನಿಹಕ್ಕೆ ಹೊಡೆದು ರೋರಿ ಮೆಕಿಲ್ರಾಯ್‌ಗಿಂತ ಒಂದು ಹೊಡೆತ ಮುಂದೆ ಮುಗಿಸಿದ.

ಮರಳನ್ನು ತೆರೆದಿಟ್ಟ ಮಾತ್ರಕ್ಕೆ ನಿರ್ವಹಣೆ ಹಗುರವಾಗಲಿಲ್ಲ. ನೀರಿನ ಬಳಕೆ ಅರ್ಧಕ್ಕಿಂತ ಕೆಳಗಿಳಿದದ್ದು ದೊಡ್ಡ ಲಾಭವೇ. ಹಾಗೆಂದು ಕೈಬಿಟ್ಟರೆ ವೈರ್‌ಗ್ರಾಸ್ ನಡುವೆ ಕಳೆ ಹಬ್ಬಿ ಮರಳು ಮತ್ತೆ ಮುಚ್ಚಿಹೋಗುತ್ತದೆ. ಕೆಲವು ಹಂಗಾಮುಗಳಲ್ಲಿ ಕಳೆ ದಟ್ಟವಾದಾಗ ನೋಡಿ ನಿರ್ಧರಿಸುವ ಆಟ ಮರೆಯಾಗಿ ಹಳೆಯ ರಫ್‌ನ ಶಿಕ್ಷೆಯೇ ಬೇರೆ ವೇಷದಲ್ಲಿ ಮರಳುತ್ತದೆ. ಅದನ್ನು ತಡೆಯಲು ಆಳುಗಳು ಪೊದೆ ಪೊದೆಗೂ ಬಾಗಿ ಕಳೆ ಕೀಳಬೇಕು, ಎಲ್ಲಿ ಎಷ್ಟು ಉಳಿಯಬೇಕೆಂದು ತಿಳಿದವರು ಪಕ್ಕದಲ್ಲಿ ನಿಂತು ಹೇಳಬೇಕು. 2029, 2035, 2041 ಮತ್ತು 2047ರ ಯುಎಸ್ ಓಪನ್‌ಗಳು ಈಗಾಗಲೇ ಇಲ್ಲಿಗೆ ಗೊತ್ತಾಗಿರುವುದರಿಂದ ಕೋರ್ಸ್ ಕೈತಪ್ಪಿ ಹೋಗಲು ರಿಸಾರ್ಟ್ ಬಿಡಲಾರದು. ಆ ಎಚ್ಚರ ಟೀಗಳನ್ನು ಹಿಂದಕ್ಕೆ ಸರಿಸುವುದಕ್ಕಿಂತ ಕಳೆ ಕೀಳುವುದರ ಕಡೆಗೆ ಹೆಚ್ಚು ಹರಿಯಬೇಕಾಗಿದೆ.