ಗರವೂ ನಡೆಯೂ: ಆಟದ ಸ್ವಾರಸ್ಯವನ್ನು ಕುರಿತು

ಕನ್ನಡದಲ್ಲಿ ‘ಆಟ’ ಎಂಬ ಮಾತಿನ ವ್ಯಾಪ್ತಿ ಬಹಳ ದೊಡ್ಡದು. ಮಕ್ಕಳ ಕುಂಟಾಬಿಲ್ಲೆಯೂ ಆಟ, ಹಿರಿಯರ ಪಗಡೆಯೂ ಆಟ, ಕರಾವಳಿಯಲ್ಲಿ ಬೆಳಗಿನ ಜಾವದವರೆಗೆ ನಡೆಯುವ ಯಕ್ಷಗಾನವೂ ಆಟ. ಓಡಾಟ, ಪರದಾಟ, ಗೋಳಾಟ ಎನ್ನುವಲ್ಲಿ ಅದೇ ಮಾತು ಪ್ರತ್ಯಯದಂತೆ ನಿಂತು, ಸಂತೋಷದ ಸುಳಿವೇ ಇಲ್ಲದ ಕ್ರಿಯೆಗಳಿಗೂ ಹತ್ತಿಕೊಳ್ಳುತ್ತದೆ. ‘ಆಡು’ ಎಂಬ ಧಾತುವಿಗೆ ಅಲುಗು, ಚಲಿಸು ಎಂಬ ಅರ್ಥಗಳೂ ಇರುವುದರಿಂದ ಇದು ಸಹಜವೇ ಆಗಿದೆ. ಆದಕಾರಣ, ಆಟವೆಂದ ಮಾತ್ರಕ್ಕೆ ಅದು ಹಿತವೆಂದು ನಮ್ಮ ಭಾಷೆ ಎಲ್ಲಿಯೂ ಭರವಸೆ ಕೊಡುವುದಿಲ್ಲ. ಯಾವ ಚಲನೆಯಲ್ಲಿ ಸ್ವಾರಸ್ಯವಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ನಾವೇ ವಿವೇಚಿಸಿಕೊಳ್ಳಬೇಕಾಗಿದೆ. ದೇವತೆಗಳು ಬ್ರಹ್ಮನಲ್ಲಿಗೆ ಹೋಗಿ, ಕಣ್ಣಿಗೂ ಕಿವಿಗೂ ಒದಗುವ ಒಂದು ಆಟಿಕೆಯನ್ನು ಬೇಡಿದರೆಂದೂ ಅದರಿಂದ ನಾಟ್ಯವು ಹುಟ್ಟಿತೆಂದೂ ನಾಟ್ಯಶಾಸ್ತ್ರದ ಮೊದಲ ಅಧ್ಯಾಯ ಹೇಳುವುದು ಎಲ್ಲರಿಗೂ ತಿಳಿದ ವಿಷಯ. ನಾಟ್ಯದ ರಸವನ್ನು ಕುರಿತು ನಮ್ಮಲ್ಲಿ ಶತಮಾನಗಳ ಚರ್ಚೆ ಬೆಳೆಯಿತು. ಆಟಿಕೆಯ ಮಾತು ಮಾತ್ರ ಹಿಂದೆಯೇ ಉಳಿಯಿತು.

ಪಾಶ್ಚಾತ್ಯರಲ್ಲಿ ಈ ಚರ್ಚೆಗೆ ಗೌರವ ತಂದವರು ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗಾ. ೧೯೩೮ರಲ್ಲಿ ಪ್ರಕಟವಾದ ‘ಹೋಮೋ ಲೂಡೆನ್ಸ್’ ಎಂಬ ಗ್ರಂಥದಲ್ಲಿ ಅವರು ಸಂಸ್ಕೃತಿಯೇ ಆಟದಿಂದ ಮೊಳೆತದ್ದೆಂದು ವಾದಿಸುತ್ತಾರೆ. ಆದರೆ ಆಟದ ಮೋಜು ವಿಶ್ಲೇಷಣೆಗೆ ಒಗ್ಗದ ವಸ್ತುವೆಂದು ಹೇಳಿ ಮುಂದೆ ಸಾಗುತ್ತಾರೆ. ಇಪ್ಪತ್ತು ವರ್ಷಗಳ ಅನಂತರ, ೧೯೫೮ರಲ್ಲಿ, ಫ್ರಾನ್ಸಿನ ರೋಜೇ ಕೈವಾ ಆಟಗಳನ್ನು ಸ್ಪರ್ಧೆ, ದೈವ, ವೇಷ, ತಲೆತಿರುಗು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಸ್ಪರ್ಧೆಯಲ್ಲಿ ಆಟಗಾರನು ತನ್ನನ್ನೇ ನಂಬುತ್ತಾನೆ. ದೈವದ ಆಟದಲ್ಲಿ ತನ್ನನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ನಂಬುತ್ತಾನೆ. ಇವೆರಡೂ ಇಸ್ಪೀಟಿನಂಥ ಆಟಗಳಲ್ಲಿ ಒಡಗೂಡುತ್ತವೆಂದು ಕೈವಾ ಒಪ್ಪುತ್ತಾರೆ. ಆದರೆ ಕೂಡಿದಾಗ ಏನಾಗುತ್ತದೆ ಎಂಬುದರಲ್ಲಿ ಅವರಿಗೆ ಅಷ್ಟಾಗಿ ಕುತೂಹಲವಿದ್ದಂತೆ ಕಾಣುವುದಿಲ್ಲ. ವರ್ಗೀಕರಣದಲ್ಲಿ ತೃಪ್ತಿ ಪಡೆಯುವುದು ಪಂಡಿತರ ಹಳೆಯ ಚಪಲ; ಅಲಂಕಾರಗಳನ್ನು ಎಣಿಸಿದ ನಮ್ಮವರಿಗೂ ಅದು ತಪ್ಪಿದ್ದಲ್ಲ.

ಈಚಿನವರಲ್ಲಿ ರಾಫ್ ಕಾಸ್ಟರ್ ಅವರ ವಾದವು ಹೆಚ್ಚು ಪ್ರಚಾರ ಪಡೆದಿದೆ. ಅವರು ಸ್ವತಃ ಗಣಕಯಂತ್ರದ ಆಟಗಳನ್ನು ಕಟ್ಟುವವರು. ೨೦೦೪ರ ತಮ್ಮ ಪುಸ್ತಕದಲ್ಲಿ ಅವರು ಹೇಳುವುದರ ಸಾರವಿಷ್ಟು: ಮೋಜೆಂಬುದು ಮನಸ್ಸು ಒಂದು ವಿನ್ಯಾಸವನ್ನು ಕಲಿಯುವಾಗ ಪಡುವ ಸಂತೋಷ, ಕಲಿತು ಮುಗಿದೊಡನೆ ಬೇಸರ ಮೊದಲಾಗುತ್ತದೆ. ಒಂಬತ್ತು ಮನೆಗಳಲ್ಲಿ ಸೊನ್ನೆಯನ್ನೂ ಕತ್ತರಿ ಗುರುತನ್ನೂ ಹಾಕುವ ಆಟವನ್ನು ಮಕ್ಕಳು ಏಕೆ ಬಿಟ್ಟುಬಿಡುತ್ತಾರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಕಲಿಯಬಹುದಾದ ಚೌಕಾಬಾರವನ್ನು ನಮ್ಮ ಅಜ್ಜಿಯರು ಅರವತ್ತು ವರ್ಷ ಆಡಿದ್ದೇಕೆ? ಅವರಿಗೆ ಕಲಿಯುವುದಕ್ಕೆ ಏನು ಉಳಿದಿತ್ತು? ಕಾಸ್ಟರ್ ಅವರ ವಾದವು ಇಲ್ಲಿ ಎಡವುತ್ತದೆಂದು ನಮಗೆ ತೋರುತ್ತದೆ. ಆದುದರಿಂದ ಈ ಆಟವನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಚೌಕಾಬಾರದ ಮನೆಗಳು ಇಪ್ಪತ್ತೈದು. ಹೊರಸುತ್ತಿನಲ್ಲಿ ೧೬, ಒಳಸುತ್ತಿನಲ್ಲಿ ೮, ನಡುವೆ ಒಂದು. ನಾಲ್ವರಿಗೆ ನಾಲ್ಕು ನಾಲ್ಕು ಕಾಯಿ. ನಾಲ್ಕು ಕವಡೆಗಳನ್ನೋ, ಒಂದು ಬದಿ ತೇಯ್ದ ನಾಲ್ಕು ಹುಣಿಸೇಬೀಜಗಳನ್ನೋ ಚೆಲ್ಲಿ, ಬಿದ್ದ ಗರದಷ್ಟು ಕಾಯಿಯನ್ನು ನಡೆಸಬೇಕು. ಕಾಯಿ ಹೊರಸುತ್ತನ್ನು ಮುಗಿಸಿ, ಒಳಸುತ್ತಿನಲ್ಲಿ ದಿಕ್ಕು ಬದಲಿಸಿ, ನಡುಮನೆ ಸೇರಿದರೆ ‘ಹಣ್ಣಾಯಿತು’. (ಈ ಒಂದು ಮಾತಿನಲ್ಲಿರುವ ಸೊಗಸು ಯಾವ ಇಂಗ್ಲಿಷ್ ಆಟದ ಪರಿಭಾಷೆಯಲ್ಲಿಯೂ ನಮಗೆ ಕಂಡಿಲ್ಲ.) ಎದುರಾಳಿಯ ಕಾಯಿ ಇರುವ ಮನೆಗೆ ನಮ್ಮದು ಬಂದರೆ ಅದು ಕಡಿದುಹೋಗಿ ಮೊದಲಿನಿಂದ ಹೊರಡಬೇಕು, ಗೀಟು ಹಾಕಿದ ಮನೆಗಳಲ್ಲಿ ಮಾತ್ರ ಕಡಿಯುವಂತಿಲ್ಲ.

ಬೀಜದ ಎರಡು ಬದಿಗಳೂ ಸಮನಾಗಿ ಬೀಳುತ್ತವೆಂದು ಭಾವಿಸೋಣ. ಆಗ ಸರಾಸರಿ ೧೬ ಗರಗಳಲ್ಲಿ ಎರಡು ಬೀಳುವುದು ೬ ಬಾರಿ. ಒಂದು ೪ ಬಾರಿ, ಮೂರು ೪ ಬಾರಿ. ನಾಲ್ಕು ಎಂದರೆ ಚೌಕ ಒಮ್ಮೆ, ಎಂಟು ಎಂದರೆ ಬಾರ ಒಮ್ಮೆ. ಐದು, ಆರು, ಏಳು ಎಂಬ ಗರಗಳೇ ಇಲ್ಲ. ಇದರ ಫಲವನ್ನು ಗಮನಿಸಬೇಕು. ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಲ್ಲುವುದು ಮೃತ್ಯುವಿನ ಬಾಯಲ್ಲಿ ನಿಂತಂತೆ. ಐದು ಮನೆ ಮುಂದೆ ನಿಂತರೆ ಹೆಚ್ಚುಕಡಿಮೆ ನಿರ್ಭಯ: ಚೌಕ ಬಿದ್ದು, ಅದಕ್ಕೆ ಸಿಗುವ ಮರುಗರದಲ್ಲಿ ಒಂದು ಬಿದ್ದರೆ ಮಾತ್ರ ಅಪಾಯ, ಅದು ೬೪ಕ್ಕೆ ಒಂದು ಸಲದ ಮಾತು. ಹೀಗೆ ಹಲಗೆಯ ಮೇಲಿನ ದೂರಗಳು ಬರಿಯ ದೂರಗಳಾಗಿ ಉಳಿಯದೆ, ಒಂದೊಂದು ಒಂದೊಂದು ಹದದ ಭಯವಾಗುತ್ತವೆ. ಅಕ್ಷರವರಿಯದ ಆಟಗಾರ್ತಿಗೂ ಇದು ಚೆನ್ನಾಗಿ ಗೊತ್ತು. ಗಣಿತವಾಗಿಯಲ್ಲ, ಕಾಯಿ ಎತ್ತಿದ ಕೈಯ ಅನುಮಾನವಾಗಿ.

ಈಗ ಎರಡು ಬಿದ್ದಿದೆ ಎನ್ನೋಣ. ಒಂದು ಕಾಯಿಯಿಂದ ಎದುರಾಳಿಯನ್ನು ಕಡಿಯಬಹುದು. ಕಡಿದವರಿಗೆ ಮತ್ತೊಂದು ಗರ. ಇನ್ನೊಂದು ಕಾಯಿ ಹದಿಮೂರು ಮನೆ ನಡೆದು ಬಂದು ಶತ್ರುವಿನ ಮುಂದೆ ಸರಿಯಾಗಿ ಎರಡು ಮನೆಯ ದೂರದಲ್ಲಿದೆ. ಅದನ್ನು ಸರಿಸಿದರೆ ಅದು ಉಳಿದೀತು. ಎರಡನ್ನೂ ಮಾಡುವಂತಿಲ್ಲ. ಗರವು ದೈವದ್ದು, ನಡೆಯು ನಮ್ಮದು. ದೈವವು ಇಲ್ಲಿ ತೀರ್ಪು ಕೊಡುವುದಿಲ್ಲ, ಪ್ರಶ್ನೆ ಕೇಳುತ್ತದೆ. ನಾವು ಉತ್ತರ ಹೇಳಿ, ಆ ಉತ್ತರದ ಫಲಕ್ಕಾಗಿ ಮೂವರು ಎದುರಾಳಿಗಳ ಗರಗಳನ್ನು ಉಸಿರು ಬಿಗಿಹಿಡಿದು ಕಾಯುತ್ತೇವೆ. ಆಟದ ಸ್ವಾರಸ್ಯವು ನೆಲೆಸಿರುವುದು ಈ ಉತ್ತರಕ್ಕೂ ಫಲಕ್ಕೂ ನಡುವಣ ಅಂತರದಲ್ಲಿ ಎಂಬುದು ನಮ್ಮ ಅಭಿಪ್ರಾಯ. ವಿನ್ಯಾಸವನ್ನು ಪೂರಾ ಕಲಿತವರಿಗೂ ಪ್ರಶ್ನೆ ಹೊಸದಾಗಿಯೇ ಬರುತ್ತದೆ. ಆದ್ದರಿಂದಲೇ ಅರವತ್ತು ವರ್ಷ.

ಅನೇಕ ಕಡೆಗಳಲ್ಲಿ ಇನ್ನೊಂದು ನಿಯಮವಿದೆ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಈ ನಿಯಮವನ್ನು ಕಟ್ಟಿದವರ ಹೆಸರು ನಮಗೆ ತಿಳಿಯದಿದ್ದರೂ ಅವರ ಕುಶಲತೆಗೆ ತಲೆಬಾಗಬೇಕು. ಇದಿಲ್ಲದಿದ್ದರೆ ಅಂಜುಬುರುಕನು ಗೀಟಿನ ಮನೆಯಿಂದ ಗೀಟಿನ ಮನೆಗೆ ಹಾರಿ, ಯಾರ ತಂಟೆಗೂ ಹೋಗದೆ ಹಣ್ಣಾಗಿಬಿಡಬಹುದು. ನಾಲ್ವರೂ ಹಾಗೆ ಆಡಿದರೆ ಅದು ನಾಲ್ಕು ಬೇರೆ ಬೇರೆ ಓಟಗಳಾದೀತೇ ಹೊರತು ಒಂದು ಆಟವಾಗದು. ಈ ಒಂದು ಕಟ್ಟಳೆಯಿಂದ ಎಲ್ಲರೂ ಒಬ್ಬರ ದಾರಿಗೆ ಒಬ್ಬರು ಬರಲೇಬೇಕಾಗುತ್ತದೆ. ಆಟ ಕಟ್ಟುವವರು ಸಂತೋಷವನ್ನು ನೇರವಾಗಿ ತಂದು ಹಲಗೆಯ ಮೇಲೆ ಇಡಲಾರರು. ಅವರ ಕೈಯಲ್ಲಿರುವುದು ನಿಯಮ ಮಾತ್ರ; ನಿಯಮದಿಂದ ಸಂದರ್ಭ, ಸಂದರ್ಭದಿಂದ ಭಾವ.

ಹಾವು ಏಣಿಯಾಟದಲ್ಲಿ ಆಟಗಾರನಿಗೆ ಯಾವ ಆಯ್ಕೆಯೂ ಇಲ್ಲವಲ್ಲ, ಮಕ್ಕಳು ಅದನ್ನು ಮೆಚ್ಚುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ಮೆಚ್ಚುತ್ತಾರೆ, ನಿಜ, ಎಣಿಕೆಯೂ ಸರದಿ ಕಾಯುವುದೂ ಇನ್ನೂ ಹೊಸತಾಗಿರುವವರೆಗೆ. ನಮ್ಮ ಪರಮಪದ ಸೋಪಾನ ಪಟದಲ್ಲಿ ಪಾಪಪುಣ್ಯಗಳ ಚಿತ್ರಗಳಿದ್ದವು. ಅಲ್ಲಿ ಆಯ್ಕೆ ಇಲ್ಲದಿರುವುದೇ ಬೋಧೆಯ ಅಂಗವಾಗಿತ್ತೆನ್ನಬಹುದು. ಇನ್ನು ಹುಲಿಕುರಿಯಾಟದಲ್ಲಿ ದೈವಕ್ಕೆ ಎಡೆಯೇ ಇಲ್ಲ. ಮೂರು ಹುಲಿಗೆ ಹದಿನೈದು ಕುರಿ ಎಂಬುದು ಒಂದು ರೂಢಿಯ ಲೆಕ್ಕ. ಅಲ್ಲಿ ಅನಿಶ್ಚಯವನ್ನು ತಂದಿರುವುದು ಬಲಗಳ ಅಸಮತೆ: ಒಂದು ಪಕ್ಷಕ್ಕೆ ಹಾರಿ ಕೊಲ್ಲುವ ಶಕ್ತಿ, ಇನ್ನೊಂದಕ್ಕೆ ಒತ್ತಾಗಿ ನಿಂತು ದಾರಿ ಕಟ್ಟುವ ಶಕ್ತಿ. ಕುರಿಗಳೆಲ್ಲ ಹಲಗೆಗೆ ಇಳಿಯುವವರೆಗೆ ಹುಲಿಯದೇ ದರ್ಬಾರು. ಆಮೇಲೆ ಕುರಿ ಕಾಯುವವನು ಜಾಣನಾಗಿದ್ದರೆ ಹುಲಿಗೆ ಉಸಿರುಕಟ್ಟುತ್ತದೆ.

ಕೈಗೆ ಸಿಕ್ಕದ ಸಮೃದ್ಧಿಯೂ ಸ್ವಾರಸ್ಯವನ್ನು ಕೆಡಿಸಬಲ್ಲದು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಆಟಗಳ ಅಸಾಧಾರಣ ರಸಿಕರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಅದಕ್ಕೆ ಸಾಕ್ಷಿ. ಗಂಜೀಫಾ ಎಲೆಗಳಲ್ಲಿ ಅವರು ಕಲ್ಪಿಸಿದ ಕೆಲವು ಆಟಗಳಿಗೆ ಮುನ್ನೂರಕ್ಕೂ ಮಿಕ್ಕ ಎಲೆಗಳು ಬೇಕು. ಚಿತ್ರಕಲೆಯ ದೃಷ್ಟಿಯಿಂದ ಅವು ಅನರ್ಘ್ಯ. ಆದರೆ ಅಷ್ಟು ಎಲೆಗಳಲ್ಲಿ ಯಾವುದು ಬಿದ್ದಿದೆ, ಯಾವುದು ಉಳಿದಿದೆ ಎಂದು ನೆನಪಿಡುವುದೇ ಒಂದು ಉದ್ಯೋಗವಾದೀತು. ಪ್ರಶ್ನೆ ಉತ್ತರಿಸುವವನ ಅಳತೆಗೆ ಮೀರಿದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಅವು ಅರಮನೆಯಾಚೆ ಬೇರೂರದಿದ್ದುದಕ್ಕೆ ಕೈಯಿಂದ ಬರೆದ ಎಲೆಗಳ ಬೆಲೆಯೂ ಕಾರಣವಿರಬಹುದು. ಚೌಕಾಬಾರಕ್ಕಾದರೋ ಒಂದು ಚೂರು ಸೀಮೆಸುಣ್ಣ ಸಾಕು.

ಇಷ್ಟು ವಿವೇಚನೆಗೆ ಇಂದು ಒಂದು ಪ್ರಯೋಜನವುಂಟು. ರಮ್ಮಿಯಾಟವು ಮುಖ್ಯವಾಗಿ ಕೌಶಲದ್ದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೬೭ರಲ್ಲಿ ತೀರ್ಮಾನಿಸಿತು. ಅಂದಿನಿಂದ ಹಣದ ಆಟಗಳ ವಾದವೆಲ್ಲ ಕೌಶಲವೆಷ್ಟು, ಅದೃಷ್ಟವೆಷ್ಟು ಎಂಬ ತಕ್ಕಡಿಯಲ್ಲಿ ತೂಗುತ್ತಿತ್ತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಆ ತಕ್ಕಡಿಯನ್ನೇ ಬದಿಗಿಟ್ಟು, ಹಣ ತೆತ್ತು ಹಣ ಗೆಲ್ಲುವ ಆಸೆಯ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕಾನೂನಿನ ಯುಕ್ತಾಯುಕ್ತತೆ ನಮ್ಮ ವಿಷಯವಲ್ಲ. ಆದರೆ ಆಟದ ವಿಮರ್ಶೆಗೆ ಕೌಶಲ–ಅದೃಷ್ಟಗಳ ಪ್ರಮಾಣವೂ ಸಾಲದು, ಹಣದ ಪ್ರಶ್ನೆಯೊಂದೇ ಸಾಲದು. ನತಾಶಾ ಡೌ ಶುಲ್ ಎಂಬ ಮಾನವಶಾಸ್ತ್ರಜ್ಞೆ ಲಾಸ್ ವೇಗಸ್‌ನ ಜೂಜುಯಂತ್ರಗಳನ್ನು ಕುರಿತು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಸಂಗತಿ ಕಾಣುತ್ತದೆ: ಆ ಚಟಕ್ಕೆ ಬಿದ್ದವರು ಗೆಲ್ಲುವುದಕ್ಕಾಗಿ ಆಡುವುದಿಲ್ಲ, ಆಡುತ್ತಲೇ ಇರುವುದಕ್ಕಾಗಿ ಆಡುತ್ತಾರೆ, ಗೆಲುವು ಕೂಡ ಅವರಿಗೆ ಅಡ್ಡಿಯೆನಿಸಬಹುದು. ಯಂತ್ರದಲ್ಲಿ ಗರವಿದೆ, ನಡೆಯಿಲ್ಲ. ಗುಂಡಿ ಒತ್ತಿದವನಿಗೆ ತಾನೇನೋ ಮಾಡಿದೆನೆಂಬ ಭ್ರಮೆ ಇರುತ್ತದೆ. ಕೂದಲೆಳೆಯಲ್ಲಿ ತಪ್ಪಿತೆಂಬಂತೆ ಚಿತ್ರಗಳನ್ನು ಜೋಡಿಸಿರುತ್ತಾರೆ. ಉತ್ತರಕ್ಕೂ ಫಲಕ್ಕೂ ನಡುವಣ ಆ ಅಂತರವನ್ನು ಸೆಕೆಂಡುಗಳಿಗೆ ಇಳಿಸಿ, ಉತ್ತರವನ್ನೇ ಕಿತ್ತುಹಾಕಿದ್ದಾರೆ. ಇದೂ ಒಂದು ಬಗೆಯ ರಚನಾಕೌಶಲವೇ, ಸಂದೇಹವಿಲ್ಲ. ಆದರೆ ಮನುಷ್ಯನನ್ನು ಕೂರಿಸುವುದು ಬೇರೆ, ರಂಜಿಸುವುದು ಬೇರೆ. ಎಷ್ಟು ಜನ ಎಷ್ಟು ಹೊತ್ತು ಆಡಿದರೆಂಬ ಲೆಕ್ಕದಿಂದ ಆಟದ ಯೋಗ್ಯತೆಯನ್ನು ಅಳೆಯುವವರು ಈ ಭೇದವನ್ನು ಕಾಣಲಾರರು. ದಿನಕ್ಕೊಮ್ಮೆ ಬಂದು ಬಹುಮಾನ ಪಡೆಯಿರೆಂದು ಕರೆಯುವ ಎಷ್ಟೋ ಮೊಬೈಲ್ ಆಟಗಳಲ್ಲಿ ಹಣದ ಪಣವಿಲ್ಲ. ಆದರೂ ಅವು ಚೌಕಾಬಾರಕ್ಕಿಂತ ಆ ಯಂತ್ರಕ್ಕೇ ಹತ್ತಿರದ ನೆಂಟರು.

ನಮ್ಮ ವಿದ್ಯಾರ್ಥಿಗಳು ಜಾನಪದ ಆಟಗಳನ್ನು ಸಂಗ್ರಹಿಸುವಾಗ ಮಣೆಯ ಚಿತ್ರವನ್ನೂ ಕಾಯಿಗಳ ಸಂಖ್ಯೆಯನ್ನೂ ಬರೆದುಕೊಂಡು ಬರುತ್ತಾರೆ. ಅದು ಬೇಕಾದದ್ದೇ. ಅದರ ಜೊತೆಗೆ, ಆಟದ ನಡುವೆ ಜಗಳವೆದ್ದದ್ದು ಯಾವ ನಡೆಗೆ, ಯಾವ ಕಟ್ಟಳೆಯನ್ನು ಹಿರಿಯರು ಚಿಕ್ಕ ಮಕ್ಕಳಿಗಾಗಿ ಸಡಿಲಿಸಿದರು, ಕಡಿಯದೆ ಒಳಸುತ್ತಿಗೆ ಹೋಗಬಾರದೆಂಬ ನಿಯಮ ಯಾವ ಊರುಗಳಲ್ಲಿದೆ, ಯಾವ ಊರುಗಳಲ್ಲಿಲ್ಲ, ಇಲ್ಲದ ಕಡೆ ಜನ ಆ ಆಟವನ್ನು ಎಷ್ಟು ಹೊತ್ತು ಆಡುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.