ಬೆಲೆಯಲ್ಲಿ ಕಾಣದ ವೈರಿಂಗ್: ಪುಣೆಯ ಹಳೆಯ ಫ್ಲ್ಯಾಟುಗಳ ಮರುಮಾರಾಟ

ಪುಣೆಯ ಕೋಥರೂಡ, ಕರ್ವೆನಗರ, ಸಹಕಾರನಗರ, ಎರಂಡವಣೆ ಮುಂತಾದೆಡೆ 1970 ಮತ್ತು 80ರ ದಶಕಗಳಲ್ಲಿ ತಲೆಯೆತ್ತಿದ ಸೊಸೈಟಿಗಳಲ್ಲಿ, ಅಂದರೆ ಸಹಕಾರಿ ಗೃಹನಿರ್ಮಾಣ ಸಂಘಗಳ ಕಟ್ಟಡಗಳಲ್ಲಿ, ಫ್ಲ್ಯಾಟೊಂದು ಮರುಮಾರಾಟಕ್ಕೆ ಬಂದಾಗ ಮಾತುಕತೆ ಕಾರ್ಪೆಟ್ ಏರಿಯಾ, ಮಹಡಿ, ಪಾರ್ಕಿಂಗ್, ಮೆಟ್ರೋ ನಿಲ್ದಾಣದ ದೂರ ಹಾಗೂ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವ ಸಾಧ್ಯತೆ ಇವುಗಳ ಸುತ್ತಲೇ ತಿರುಗುತ್ತದೆ. ಹಳೆಯ ವೈರಿಂಗಿನಿಂದ ಮಾರಾಟಕ್ಕೆ ಧಕ್ಕೆಯಾಗುವುದೇ ಎಂಬ ಪ್ರಶ್ನೆಗೆ ಈ ನಗರದ ಮಾರುಕಟ್ಟೆ ಬಹುಮಟ್ಟಿಗೆ ‘ಇಲ್ಲ’ ಎಂದೇ ಉತ್ತರಿಸುತ್ತದೆ. ವೈರಿಂಗನ್ನು ಪರೀಕ್ಷಿಸಿ ನೋಡುವ ಕ್ರಮವೇ ವ್ಯವಹಾರದೊಳಗೆ ಇಲ್ಲದಿರುವುದು ಈ ಉತ್ತರಕ್ಕೆ ಕಾರಣವಾದ್ದರಿಂದ, ಅದನ್ನು ಒಪ್ಪಿಕೊಳ್ಳುವುದು ಕಷ್ಟ.

ಆ ಕಾಲದ ಮನೆಯೊಂದರ ವಿದ್ಯುತ್ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದರೆ ಸಮಸ್ಯೆಯ ಆಳ ತಿಳಿಯುತ್ತದೆ. ಬಾಗಿಲ ಬಳಿ ಮರದ ಹಲಗೆಗೆ ಕೂರಿಸಿದ ಕಬ್ಬಿಣದ ಮೇನ್ ಸ್ವಿಚ್ಚು, ಪಕ್ಕದಲ್ಲಿ ಪಿಂಗಾಣಿಯ ಫ್ಯೂಸುಗಳು. ಫ್ಯೂಸ್ ಎಂದರೆ ವಿದ್ಯುತ್ ಮಿತಿಮೀರಿ ಹರಿದಾಗ ತಾನು ಕರಗಿ ಪೂರೈಕೆಯನ್ನು ತುಂಡರಿಸುವ ಸಣ್ಣ ಎಳೆ. ಅದು ಸುಟ್ಟುಹೋದಾಗ ಮನೆಯವರು ಕೈಗೆ ಸಿಕ್ಕ ದಪ್ಪ ತಂತಿಯನ್ನು ಸುತ್ತಿಬಿಟ್ಟರೆ ಆ ಕಾವಲು ಅಲ್ಲಿಗೆ ಮುಗಿಯಿತು. ತಾಮ್ರ ದುಬಾರಿಯಾಗಿದ್ದ ಆ ವರ್ಷಗಳಲ್ಲಿ ಅನೇಕ ಮನೆಗಳಿಗೆ ಅಲ್ಯೂಮಿನಿಯಂ ತಂತಿ ಎಳೆಯಲಾಗುತ್ತಿತ್ತು. ಈ ಲೋಹ ಬಿಸಿಯಾದಾಗ ತಾಮ್ರಕ್ಕಿಂತ ಹೆಚ್ಚು ಹಿಗ್ಗಿ, ತಣಿದಾಗ ಕುಗ್ಗಿ, ಸ್ಕ್ರೂ ಬಿಗಿದ ಜಾಗದಲ್ಲಿ ಕ್ರಮೇಣ ಸಡಿಲವಾಗುತ್ತದೆ, ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪದರ ಹರಿವಿಗೆ ತಡೆಯೊಡ್ಡುತ್ತದೆ, ಹೀಗಾಗಿ ಶಾಖ ಹೆಚ್ಚಾಗಿ ಕೂಡುವುದು ಸ್ವಿಚ್ಚಿನ ಹಿಂದೆ, ಕಣ್ಣಿಗೆ ಬೀಳದ ಜೋಡಣೆಗಳಲ್ಲಿ. ದೀಪ, ಫ್ಯಾನು, ರೇಡಿಯೋಗಳಿಗೆಂದು ಹಾಕಿದ ಈ ತಂತಿಗಳ ಮೇಲೆ ಇಂದು 2 ಕಿಲೋವ್ಯಾಟ್ ಗೀಸರು, ಅಷ್ಟೇ ಶಕ್ತಿಯ ಇಂಡಕ್ಷನ್ ಒಲೆ, 1.5 ಟನ್ನಿನ ಎಸಿ ಒಟ್ಟಿಗೆ ನಡೆದರೆ ಮೇನ್ ಸ್ವಿಚ್ಚಿನ ಮೂಲಕ ಸುಮಾರು 24 ಆಂಪಿಯರ್ ಹರಿಯುತ್ತದೆ. ಹರಿವು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ಪ್ರಾಥಮಿಕ ನಿಯಮ. ಇದಕ್ಕಿಂತ ಗಂಭೀರವಾದುದು ಅರ್ಥಿಂಗಿನ ಕೊರತೆ, ಅಂದರೆ ಉಪಕರಣದ ಲೋಹದ ಮೈಗೆ ವಿದ್ಯುತ್ ಸೋರಿದಾಗ ಅದನ್ನು ಸುರಕ್ಷಿತವಾಗಿ ನೆಲಕ್ಕಿಳಿಸುವ ಮೂರನೆಯ ತಂತಿ ಇಲ್ಲದಿರುವುದು ಅಥವಾ ಇದ್ದೂ ಎಲ್ಲೋ ಕಡಿದುಹೋಗಿರುವುದು. ಸೋರಿಕೆ 30 ಮಿಲಿಆಂಪಿಯರ್ ತಲುಪುವಷ್ಟರಲ್ಲಿ ಪೂರೈಕೆಯನ್ನು ಕಡಿದು ಜೀವ ಉಳಿಸುವ ಆರ್‌ಸಿಸಿಬಿ ಎಂಬ ಸಾಧನ ಇಂಥ ಮನೆಗಳ ಮೂಲ ವಿನ್ಯಾಸದಲ್ಲಿ ಇರಲೇ ಇಲ್ಲ.

ಇದೆಲ್ಲ ಬೆಲೆಯಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೆ ಮೌಲ್ಯಮಾಪನದ ನಮೂನೆಯೇ ಒಳ್ಳೆಯ ಸಾಕ್ಷಿ. ಗೃಹಸಾಲ ಕೊಡುವ ಮುನ್ನ ಬ್ಯಾಂಕಿನ ಪರವಾಗಿ ಮನೆ ನೋಡುವ ಮೌಲ್ಯಮಾಪಕರು ಬಳಸುವ ರೂಢಿಯ ನಮೂನೆಗಳಲ್ಲಿ ವೈರಿಂಗ್ ಗೋಡೆಯ ಮೇಲಿದೆಯೋ ಪೈಪಿನೊಳಗಿದೆಯೋ, ಫಿಟ್ಟಿಂಗುಗಳು ಉತ್ತಮವೋ ಸಾಧಾರಣವೋ ಕಳಪೆಯೋ, ದೀಪದ ಪಾಯಿಂಟುಗಳೆಷ್ಟು, ಫ್ಯಾನಿನವು ಎಷ್ಟು ಎಂಬ ಪ್ರಶ್ನೆಗಳಿರುತ್ತವೆ; ಅರ್ಥಿಂಗ್ ಕೆಲಸ ಮಾಡುತ್ತಿದೆಯೇ, ತಂತಿಯ ಹೊದಿಕೆ ಗಟ್ಟಿಯಾಗಿದೆಯೇ ಎಂಬ ಪ್ರಶ್ನೆಗಳಿರುವುದಿಲ್ಲ. ಇಂಥ ನಮೂನೆಯಲ್ಲಿ ಹೊಸ ಸ್ವಿಚ್ ಫಲಕ ಹಾಕಿ ಸುಣ್ಣ ಬಳಿಸಿದ ಅಪಾಯಕಾರಿ ಮನೆ ‘ಉತ್ತಮ’ವಾಗುತ್ತದೆ, ಫಲಕ ಮಾಸಿದ್ದರೂ ಒಳಗಿನ ತಂತಿಗಳನ್ನೆಲ್ಲ ಬದಲಿಸಿದ ಮನೆ ‘ಸಾಧಾರಣ’ವಾಗುತ್ತದೆ. ಎಣಿಸಲು ಸುಲಭವಾದದ್ದನ್ನು ಎಣಿಸಿ, ತಿಳಿಯಬೇಕಾದದ್ದನ್ನು ಕೈಬಿಟ್ಟಿರುವುದು ಈ ಪದ್ಧತಿಯ ಅತಿದೊಡ್ಡ ದೋಷ.

ಪುನರಭಿವೃದ್ಧಿಯ ನಿರೀಕ್ಷೆ ಈ ಉದಾಸೀನಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ 79ಎ ಕಲಮಿನಡಿ ಹೊರಡಿಸಿದ 2019ರ ಸರ್ಕಾರಿ ನಿರ್ಣಯ ಈ ಪ್ರಕ್ರಿಯೆಯ ದಾರಿಯನ್ನು ನಿರ್ದಿಷ್ಟಪಡಿಸಿದ ಮೇಲೆ, ಹಳೆಯ ಫ್ಲ್ಯಾಟನ್ನು ಕೊಳ್ಳುವುದೆಂದರೆ ಮುಂದೆ ಸಿಗಲಿರುವ ಹೊಸ ಫ್ಲ್ಯಾಟಿನ ಹಕ್ಕನ್ನು ಕೊಳ್ಳುವುದು ಎಂಬ ಭಾವನೆ ಬೇರೂರಿದೆ. ನೆಲಸಮವಾಗಲಿರುವ ಮನೆಯ ತಂತಿ ಬದಲಿಸುವುದು ದಂಡವೆಂಬ ವಾದ ಲೆಕ್ಕದ ದೃಷ್ಟಿಯಿಂದ ಸರಿಯೇ. ಆದರೆ ಸದಸ್ಯರ ಒಪ್ಪಿಗೆ, ಬಿಲ್ಡರ್ ಆಯ್ಕೆ, ಪಾಲಿಕೆಯ ಮಂಜೂರಾತಿ ಇವೆಲ್ಲ ವರ್ಷಗಟ್ಟಲೆ ಎಳೆಯುವಾಗ ಆ ಮನೆಯಲ್ಲಿ ಕುಟುಂಬವೋ, ಹಿಂಜೆವಾಡಿಯ ಐಟಿ ಕಂಪನಿಗಳಿಗೆ ಹೋಗಿಬರುವ ಬಾಡಿಗೆದಾರರೋ, ಕೆಲಸ ಹುಡುಕಿ ಪುಣೆಗೆ ಬಂದ ಕಲಬುರಗಿ, ಬೆಳಗಾವಿ ಕಡೆಯ ಹುಡುಗರೋ ಇದ್ದೇ ಇರುತ್ತಾರೆ. ಬೆಲೆಯ ಲಾಭ ಒಡೆಯನಿಗೂ ಅಪಾಯ ಅಲ್ಲಿ ವಾಸಿಸುವವರಿಗೂ ಹಂಚಿಹೋಗುವ ಈ ಏರ್ಪಾಡು ನ್ಯಾಯವಲ್ಲ.

ಕಾನೂನು ಇಲ್ಲಿ ಪೂರ್ತಿ ಮೌನವಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ತನಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ಅವರು ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು, ಮುಚ್ಚಿಟ್ಟರೆ ಅದು ವಂಚನೆ. ಗೋಡೆಯೊಳಗೆ ಹುದುಗಿದ ತಂತಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಆದರೆ ಪರೀಕ್ಷೆ ಮಾಡಿಸದ ಒಡೆಯ ತನಗೂ ಗೊತ್ತಿರಲಿಲ್ಲ ಎನ್ನಬಹುದಾದ್ದರಿಂದ, ತಿಳಿಯದೆ ಇರುವುದೇ ಲಾಭದಾಯಕವಾಗುತ್ತದೆ. 2017ರಿಂದ ಪೂರ್ಣವಾಗಿ ಜಾರಿಯಲ್ಲಿರುವ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಕೆಲಸದ ಗುಣಮಟ್ಟದ ದೋಷಕ್ಕೆ 5 ವರ್ಷಗಳ ಹೊಣೆಯನ್ನು ಹೊರಿಸುವುದು ಬಿಲ್ಡರ್ ಮೇಲೆ ಮಾತ್ರ. ಇದಕ್ಕೆ ಬೇರೆ ದಾರಿಯೂ ಇದೆ: ಫ್ರಾನ್ಸಿನಲ್ಲಿ 2009ರಿಂದ, 15 ವರ್ಷಕ್ಕಿಂತ ಹಳೆಯ ವಿದ್ಯುತ್ ವ್ಯವಸ್ಥೆಯಿರುವ ಮನೆ ಮಾರುವವರು ತಜ್ಞರ ತಪಾಸಣಾ ವರದಿಯನ್ನು ಕೊಳ್ಳುವವರಿಗೆ ಒದಗಿಸಬೇಕು. ದುರಸ್ತಿಯನ್ನು ಮಾರುವವರ ತಲೆಗೆ ಕಟ್ಟದೆ ಮಾಹಿತಿಯನ್ನಷ್ಟೇ ಕಡ್ಡಾಯಗೊಳಿಸುವ ಈ ಕ್ರಮ ಪುಣೆಯಂಥ ನಗರಕ್ಕೆ ಹೆಚ್ಚು ಸೂಕ್ತವಾಗಿದೆ, ಏಕೆಂದರೆ ವೈರಿಂಗ್ ಬದಲಿಸುವ ಖರ್ಚು ಫ್ಲ್ಯಾಟಿನ ಬೆಲೆಯ ಅಲ್ಪಾಂಶವಾಗಿದ್ದು, ವಿಷಯ ತಿಳಿದ ಮೇಲೆ ಚೌಕಾಸಿಯಲ್ಲಿ ಅದು ತಾನಾಗಿ ಇತ್ಯರ್ಥವಾಗುತ್ತದೆ.

ಮಾರುವವರ ದೃಷ್ಟಿಯಿಂದಲೂ ಇಡೀ ಮನೆಯ ಗೋಡೆ ಕೊರೆಸುವುದು ಅನಿವಾರ್ಯವೇನಲ್ಲ. ಹಳೆಯ ಫ್ಯೂಸಿನ ಜಾಗದಲ್ಲಿ ಎಂಸಿಬಿ ಅಂದರೆ ಭಾರ ಹೆಚ್ಚಾದಾಗ ತಾನೇ ಬೀಳುವ ಸ್ವಿಚ್ಚು, ಜೊತೆಗೊಂದು ಆರ್‌ಸಿಸಿಬಿ, ಗೀಸರಿಗೂ ಎಸಿಗೂ ಪ್ರತ್ಯೇಕ ತಾಮ್ರದ ತಂತಿ, ಪರವಾನಗಿ ಪಡೆದ ಗುತ್ತಿಗೆದಾರನಿಂದ ಹೊದಿಕೆಯ ಮೆಗ್ಗರ್ ಪರೀಕ್ಷೆ ಇಷ್ಟಾದರೆ ಅಪಾಯದ ದೊಡ್ಡ ಪಾಲು ತಗ್ಗುತ್ತದೆ. ಈ ಪರೀಕ್ಷೆಯಲ್ಲಿ 500 ವೋಲ್ಟ್ ಹಾಯಿಸಿದಾಗ ಹೊದಿಕೆಯ ರೋಧ ಕನಿಷ್ಠ 1 ಮೆಗಾಓಮ್ ಇರಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮ. ಅದಕ್ಕಿಂತ ಕಡಿಮೆ ಬಂದ ತಂತಿಯನ್ನು ಮಾತ್ರ ಬದಲಿಸಿದರೆ ಸಾಕು. ಮೀಟರ್ ಕೋಣೆಯಿಂದ ಪ್ರತಿ ಮನೆಗೆ ಏರುವ ತಂತಿಗಳ ಹಾದಿಯಾದರೋ ಎಲ್ಲ ಸದಸ್ಯರಿಗೂ ಸೇರಿದ್ದು, ಅದನ್ನು ಮಾರುವವನೊಬ್ಬನೇ ಸರಿಪಡಿಸಲಾರ. ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ 30 ವರ್ಷ ದಾಟಿದ ಕಟ್ಟಡಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಂಬ, ತೊಲೆ, ಚಾವಣಿಗಳ ತಪಾಸಣೆ ನಡೆಯಬೇಕು. ಅದೇ ಸುತ್ತಿನಲ್ಲಿ ವಿದ್ಯುತ್ ತಪಾಸಣೆಯನ್ನೂ ಮಾಡಿಸಲು ವಾರ್ಷಿಕ ಸಭೆಯ ಒಂದು ಠರಾವು ಸಾಕು, ಮತ್ತು ಆ ವರದಿಯ ಪ್ರತಿಯನ್ನು ಫ್ಲ್ಯಾಟ್ ವರ್ಗಾವಣೆಯ ಕಾಗದಪತ್ರಗಳ ಜೊತೆಗೆ ಕೊಡುವುದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ.